ಹೆಜ್ಜೆ ಗುರುತಿಲ್ಲದ ಮರಳು

ನಮ್ಮ ಮಧ್ಯಮ ವರ್ಗ ಇವತ್ತು ಅತ್ಯಂತ ಶ್ರದ್ಧೆಯಿಂದ ಓದುವ ಪ್ರವಾಸ ಸಾಹಿತ್ಯ ಯಾವುದು ಎಂದು ಕೇಳಿದರೆ ಯಾವ ಲೇಖಕನ ಹೆಸರನ್ನೂ ಹೇಳಬೇಕಾಗಿಲ್ಲ. ಅದು ರೆಸಾರ್ಟ್‌ಗಳ ಜಾಹೀರಾತು. ಹೊಸದಾಗಿ ಮದುವೆಯಾದ ಜೋಡಿ, ಗಲ್ಫಿನಿಂದ ರಜೆಗೆ ಬಂದ ಮಗ, ಬ್ಯಾಂಕಿನಿಂದ ನಿವೃತ್ತರಾದ ದಂಪತಿ, ಇವರೆಲ್ಲ ಮಾಲ್ಡೀವ್ಸ್‌ಗೆ ಹೊರಡುವ ಮುನ್ನ ರಾತ್ರಿಗಟ್ಟಲೆ ಕುಳಿತು ಓದುವುದು ಇದನ್ನೇ. ಮೂರು ರಾತ್ರಿಗೆ ಲಕ್ಷ ರೂಪಾಯಿಗೂ ಮೀರಿ ಖರ್ಚು ಮಾಡಿಸಬಲ್ಲ ಬರಹ ಅದು. ನಮ್ಮ ಯಾವ ಕತೆಗೂ ಅಂಥ ಶಕ್ತಿ ಇಲ್ಲ. ಆದ್ದರಿಂದ ಈ ಬರಹವನ್ನು ಒಂದು ಕಥನವೆಂದೇ ತಿಳಿದು ಓದಿದರೆ ಏನು ಕಾಣುತ್ತದೆ ಎಂದು ನೋಡುವುದು ವಿಮರ್ಶೆಯ ಕೆಲಸವೇ ಆಗುತ್ತದೆ.

ಕತೆಯಲ್ಲಿ ಮೊದಲು ನಾವು ಹುಡುಕುವುದು ಪಾತ್ರಗಳನ್ನು. ಈ ಜಾಹೀರಾತುಗಳಲ್ಲಿ ಇರುವ ಪಾತ್ರಗಳು ಎರಡೇ. ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವರೂ ಬಹುಪಾಲು ನಮಗೆ ಬೆನ್ನು ಹಾಕಿ ಸಮುದ್ರ ನೋಡುತ್ತಿರುತ್ತಾರೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆ ಇರುತ್ತದೆ, ಅದರ ಮೆಟ್ಟಿಲು ನೇರ ಕಡಲಿಗೆ ಇಳಿದಿರುತ್ತದೆ. ಹಣ್ಣಿನ ತಟ್ಟೆ ಹಿಡಿದ ಒಂದು ಕೈ ಕೆಲವೊಮ್ಮೆ ಚಿತ್ರದ ಅಂಚಿನಲ್ಲಿ ಕಾಣುತ್ತದೆ. ಆ ಕೈ ಯಾರದು ಎಂಬುದು ಕಾಣುವುದಿಲ್ಲ. ಮರಳು ಹಾಲಿನಂತೆ ಬೆಳ್ಳಗಿರುತ್ತದೆ, ಅದರ ಮೇಲೆ ಒಂದು ಹೆಜ್ಜೆ ಗುರುತೂ ಇರುವುದಿಲ್ಲ. ಇಲ್ಲಿ ನಿಮಗಿಂತ ಮೊದಲು ಯಾರೂ ಬಂದಿಲ್ಲ ಎನ್ನುವುದೇ ಇಡೀ ಕಥನದ ಮೂಲಧಾತು. ಆದರೆ ಹೆಜ್ಜೆ ಗುರುತಿಲ್ಲದ ಮರಳು ತಾನಾಗಿ ಆಗುವುದಿಲ್ಲ. ಅತಿಥಿಗಳು ಏಳುವ ಮುನ್ನ ಯಾರೋ ಎದ್ದು, ರಾತ್ರಿ ಕಡಲು ತಂದು ಹಾಕಿದ ಕಸವನ್ನು ಆಯ್ದು, ದಂಡೆಯನ್ನು ಗುಡಿಸಿ, ಕೊನೆಗೆ ತನ್ನ ಹೆಜ್ಜೆಯನ್ನೂ ತಾನೇ ಅಳಿಸುತ್ತ ಹಿಂದಕ್ಕೆ ಸರಿದಿರುತ್ತಾನೆ. ಹಾಗೆ ಗುಡಿಸುವವನು ಎಷ್ಟೋ ಕಡೆ ಬಾಂಗ್ಲಾದೇಶದ ಬಡ ಕೂಲಿಯವನು. ಅವನು ಆ ಕತೆಯನ್ನು ಬರೆದವರಲ್ಲಿ ಒಬ್ಬ. ಆದರೆ ಕತೆಯೊಳಗೆ ಅವನಿಗೆ ಜಾಗವಿಲ್ಲ.

ಇದೇ ದ್ವೀಪಗಳ ಬಗ್ಗೆ ಹಳೆಯ ಪ್ರವಾಸಿಗಳು ಬರೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು, ಕಲ್ಲಿಕೋಟೆಯಿಂದ ಹಡಗು ಹತ್ತಿ 1343ರ ಸುಮಾರಿಗೆ ಇಬ್ನ್ ಬತೂತಾ ಅಲ್ಲಿಗೆ ಹೋದ. ತಿಂಗಳುಗಟ್ಟಲೆ ಇದ್ದ, ಅಲ್ಲೇ ಮದುವೆಗಳನ್ನೂ ಮಾಡಿಕೊಂಡ, ಖಾಜಿಯೂ ಆದ. ಆಗ ಅಲ್ಲಿ ಆಳುತ್ತಿದ್ದವಳು ಖದೀಜಾ ಎಂಬ ರಾಣಿ. ಒಣಗಿಸಿದ ಮೀನು, ತೆಂಗಿನ ನಾರಿನ ಹಗ್ಗ, ಆ ಹಗ್ಗದಿಂದ ಹೊಲಿದ ಹಡಗುಗಳು, ದೂರದ ಬಂಗಾಳಕ್ಕೆ ನಾಣ್ಯವಾಗಿ ಹೋಗುತ್ತಿದ್ದ ಕವಡೆ, ಇವೆಲ್ಲ ಅವನ ಬರಹದಲ್ಲಿವೆ. ಅವನು ದೊಡ್ಡ ಅಹಂಕಾರಿ. ಅಲ್ಲಿನ ಹೆಂಗಸರು ಸೊಂಟದ ಮೇಲೆ ಬಟ್ಟೆ ಹೊದೆಯುವುದಿಲ್ಲವೆಂದು ಸಿಟ್ಟಾಗಿ ಆಜ್ಞೆ ಹೊರಡಿಸಿದ. ಹೆಂಗಸರು ಕೇಳಲಿಲ್ಲ. ತನ್ನ ಸೋಲನ್ನು ಅವನೇ ಬರೆದಿಟ್ಟಿದ್ದಾನೆ. 1602ರಲ್ಲಿ ಹಡಗು ಒಡೆದು ಅಲ್ಲಿ ಸಿಕ್ಕಿಬಿದ್ದ ಫ್ರಾನ್ಸಿನ ಪಿರಾರ್ ಸುಮಾರು ಐದು ವರ್ಷ ಸೆರೆಯಾಳಿನಂತೆ ಕಳೆದ. ಬದುಕಿ ಉಳಿಯಲು ಧಿವೇಹಿ ಭಾಷೆ ಕಲಿತ, ಮುಂದೆ ತನ್ನ ಪುಸ್ತಕದಲ್ಲಿ ಆ ಭಾಷೆಯ ಪದಪಟ್ಟಿಯನ್ನೂ ಕೊಟ್ಟ. ಇಬ್ಬರೂ ಹೊರಗಿನವರೇ, ಇಬ್ಬರಿಗೂ ಪೂರ್ವಗ್ರಹಗಳಿದ್ದವು. ಆದರೂ ಅವರ ಬರಹದಲ್ಲಿ ದ್ವೀಪದ ಜನ ಇದ್ದಾರೆ, ಮಾತಾಡುತ್ತಾರೆ, ಒಲ್ಲೆ ಎನ್ನುತ್ತಾರೆ. ರೆಸಾರ್ಟ್ ಕಥನದಲ್ಲಿ ಒಲ್ಲೆ ಎನ್ನಬಲ್ಲ ಒಬ್ಬ ಮನುಷ್ಯನೂ ಇಲ್ಲ.

ಈ ಜನರಿಲ್ಲದ ದ್ವೀಪ ಎಲ್ಲಿಂದ ಬಂತು? ಅದು ಬರೀ ಫೋಟೋ ತೆಗೆಯುವವನ ಕೈಚಳಕ ಅಲ್ಲ, ಒಂದು ಸರಕಾರಿ ನೀತಿ. 1972ರಲ್ಲಿ ಮಾಲೆಯ ಹತ್ತಿರದ ವಿಹಮನಾಫುಶಿ ದ್ವೀಪದಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ಶುರುವಾಯಿತು. ಕುರುಂಬಾ ಎಂದರೆ ಧಿವೇಹಿಯಲ್ಲಿ ಎಳನೀರು. ಮುಂದೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿ ಗಟ್ಟಿಯಾಯಿತು. ಸುಮಾರು 1,200 ದ್ವೀಪಗಳ ದೇಶದಲ್ಲಿ ಜನವಸತಿ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಉಳಿದವು ‘ನಿರ್ಜನ’ ಎಂದು ಲೆಕ್ಕಕ್ಕೆ ಬಂದು ಒಂದೊಂದಾಗಿ ಗುತ್ತಿಗೆಗೆ ಹೋದವು. ಆದರೆ ನಿರ್ಜನ ಎಂದರೆ ಯಾರಿಗೂ ಬೇಡದ್ದು ಎಂದಲ್ಲ. ಪಕ್ಕದ ದ್ವೀಪದವರು ಅಲ್ಲಿಗೆ ದೋಣಿಯಲ್ಲಿ ಹೋಗಿ ತೆಂಗಿನಕಾಯಿ ಕೀಳುತ್ತಿದ್ದರು, ಸೌದೆ ತರುತ್ತಿದ್ದರು, ಮೀನು ಒಣಗಿಸುತ್ತಿದ್ದರು, ಬಿರುಗಾಳಿ ಬಂದಾಗ ತಂಗುತ್ತಿದ್ದರು. ನಮ್ಮ ಹಳ್ಳಿಗಳ ಗೋಮಾಳದ ಹಾಗೆ. ಗೋಮಾಳದಲ್ಲಿ ಯಾರೂ ಮನೆ ಕಟ್ಟಿಲ್ಲ, ಹಾಗಾಗಿ ಅದು ಖಾಲಿ ಜಾಗ ಎಂದು ಹೇಳುವವನು ಯಾರೆಂಬುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು.

ಈ ಪ್ರತ್ಯೇಕತೆಗೆ ಅಲ್ಲಿನ ಆಡಳಿತ ಕೊಟ್ಟ ಕಾರಣ ಧರ್ಮ ಮತ್ತು ಸಂಸ್ಕೃತಿಯ ರಕ್ಷಣೆ. ಪ್ರವಾಸಿಗಳ ಮದ್ಯ, ಅರೆಬಟ್ಟೆಗಳು ದ್ವೀಪದ ಮುಸ್ಲಿಮ್ ಸಮಾಜವನ್ನು ಕೆಡಿಸಬಾರದು, ಆದ್ದರಿಂದ ಅವರು ಬೇರೆ ದ್ವೀಪದಲ್ಲಿರಲಿ ಎಂಬ ವಾದ. 1978ರಿಂದ 2008ರವರೆಗೆ ಒಬ್ಬರೇ ಅಧ್ಯಕ್ಷರಾಗಿದ್ದ ಮೌಮೂನ್ ಅಬ್ದುಲ್ ಗಯೂಮ್ ಅವರ ಕಾಲದಲ್ಲಿ ಇದು ರಾಷ್ಟ್ರನೀತಿಯೇ ಆಯಿತು. ಇದರಲ್ಲಿ ಒಂದು ವಿಚಿತ್ರ ಒಪ್ಪಂದವಿದೆ ಎಂಬುದನ್ನು ಓದುಗರು ಗಮನಿಸಬೇಕು. ಪ್ರವಾಸಿಗೆ ಜನರಿಲ್ಲದ ದ್ವೀಪ ಬೇಕು, ಆಡಳಿತಕ್ಕೆ ಪ್ರವಾಸಿಯಿಲ್ಲದ ಡಾಲರ್ ಬೇಕು. ಇಬ್ಬರ ಆಸೆಯೂ ಈಡೇರಿತು. ನಡುವೆ ಉಳಿದವನು ಮದ್ಯ ನಿಷಿದ್ಧವಾದ ತನ್ನ ದ್ವೀಪದಿಂದ ದೋಣಿ ಹತ್ತಿ, ಮದ್ಯಕ್ಕೆ ಪರವಾನಗಿಯಿರುವ ದ್ವೀಪಕ್ಕೆ ಹೋಗಿ, ತಿಂಗಳುಗಟ್ಟಲೆ ಹೆಂಡತಿ ಮಕ್ಕಳಿಂದ ದೂರವಿದ್ದು ಗ್ಲಾಸು ತುಂಬಿಸುವ ಹುಡುಗ. ಹರಾಮು ಹಲಾಲುಗಳ ಭಾರವೆಲ್ಲ ಅವನ ಒಬ್ಬನ ಹೆಗಲಿಗೆ ಬಿತ್ತು. ತಮ್ಮ ಹೆಣ್ಣುಮಕ್ಕಳನ್ನು ರೆಸಾರ್ಟ್ ದ್ವೀಪದಲ್ಲಿ ರಾತ್ರಿ ಉಳಿಯಲು ಕಳಿಸಲು ತಂದೆತಾಯಿ ಹಿಂಜರಿದದ್ದರಿಂದ ದೇಶದ ಅತಿ ದೊಡ್ಡ ಉದ್ಯಮದಲ್ಲಿ ಆ ದೇಶದ ಹೆಂಗಸರ ಪಾಲು ಬಹಳ ಸಣ್ಣದಾಗಿಯೇ ಉಳಿಯಿತು. ಸಂಸ್ಕೃತಿಯ ರಕ್ಷಣೆಯ ಬೆಲೆಯನ್ನು ತೆತ್ತವರು ಸಂಸ್ಕೃತಿಯ ಬಗ್ಗೆ ಭಾಷಣ ಮಾಡಿದವರಲ್ಲ.

ಇನ್ನು ಈ ಕಥನದ ನಿಸರ್ಗ ವರ್ಣನೆಗೆ ಬರೋಣ. ಉರ್ದು ಶಾಲೆಯ ಭೂಗೋಳದಲ್ಲಿ ನಾವು ಕಲಿತದ್ದು ‘ಮೂಂಗೆ ಕೀ ಚಟ್ಟಾನ್’ ಎಂಬ ಮಾತು. ಕನ್ನಡದಲ್ಲಿ ಅದು ಹವಳದ ದಿಬ್ಬ. ಮೂಂಗಾ ಎಂದರೂ ಹವಳ ಎಂದರೂ ನಮ್ಮ ಕಣ್ಣಿಗೆ ಮೊದಲು ಬರುವುದು ಅಜ್ಜಿಯ ಕೊರಳಿನ ಕೆಂಪು ಮಣಿ. ಆ ಮಣಿಯ ಹವಳ ಬೇರೆ, ದ್ವೀಪ ಕಟ್ಟುವ ಹವಳ ಬೇರೆ. ದ್ವೀಪ ಕಟ್ಟುವುದು ಸುಣ್ಣದ ಗೂಡು ಮಾಡಿಕೊಂಡು ಗುಂಪಾಗಿ ಬದುಕುವ ಸಣ್ಣ ಜೀವಿ. ಉಂಗುರದಂತೆ ಬೆಳೆದ ಈ ದಿಬ್ಬಗಳಿಗೆ ಇಂಗ್ಲಿಷಿನವರು ಬಳಸುವ ‘ಅಟಾಲ್’ ಎಂಬ ಪದವೇ ಧಿವೇಹಿಯ ‘ಅತೊಳು’ವಿನಿಂದ ಬಂದದ್ದು. ಬಿಳಿ ಮರಳಿನ ದೊಡ್ಡ ಪಾಲು ಗಿಳಿಮೀನುಗಳು ಹವಳದ ಬಂಡೆಯನ್ನು ಕೆರೆದು ತಿಂದು ಹೊರಹಾಕಿದ ಪುಡಿ. ಅಂದರೆ ದಿಬ್ಬ ಜೀವಂತವಿದ್ದರೆ ಮರಳು, ಮರಳಿದ್ದರೆ ದ್ವೀಪ, ದ್ವೀಪವಿದ್ದರೆ ರೆಸಾರ್ಟ್. ಜಾಹೀರಾತು ಈ ಸರಪಳಿಯ ಕೊನೆಯ ಕೊಂಡಿಯನ್ನಷ್ಟೇ ತೋರಿಸುತ್ತದೆ. 1998ರಲ್ಲಿ ಕಡಲು ಬಿಸಿಯಾಗಿ ಮಾಲ್ಡೀವ್ಸ್‌ನ ತೆಳುನೀರಿನ ಹವಳದ ಬಹುಪಾಲು ಬಿಳಿಚಿ ಸತ್ತಿತು. 2016ರಲ್ಲಿ ಮತ್ತೊಮ್ಮೆ ಬಿಳಿಚಿತು, 2024ರಲ್ಲಿ ಮಗದೊಮ್ಮೆ. ಜಾಹೀರಾತಿನ ಚಿತ್ರ ಯಾವ ವರ್ಷದ್ದು ಎಂದು ಕೇಳುವ ಹಕ್ಕು ದುಡ್ಡು ಕೊಡುವವನಿಗೆ ಇದೆ.

ರೆಸಾರ್ಟ್ ಆರಿಸುವವರು ಈ ಪಠ್ಯವನ್ನು ಎಚ್ಚರದಿಂದ ಓದಬೇಕಾದದ್ದು ಇಲ್ಲಿಯೇ. ವಿಶಾಲವಾದ ತಿಳಿನೀಲಿ ಕೊಳದ ಚಿತ್ರವಿದ್ದರೆ ಅದು ಮರಳ ತಳದ ತೆಳುನೀರು, ಅಲ್ಲಿ ಹವಳವಾಗಲಿ ಮೀನಾಗಲಿ ಹೆಚ್ಚಾಗಿ ಇರುವುದಿಲ್ಲ ಎಂದು ಅರ್ಥ. ದಂಡೆಯಿಂದ ಈಜಿ ತಲುಪುವಷ್ಟು ಹತ್ತಿರದಲ್ಲಿ ದ್ವೀಪದ್ದೇ ಆದ ದಿಬ್ಬ ಇದೆಯೋ, ದಿನವೂ ದುಡ್ಡು ಕೊಟ್ಟು ದೋಣಿಯಲ್ಲಿ ಹೋಗಬೇಕೋ ಎಂದು ಕೇಳಬೇಕು. ನೀರ ಮೇಲಿನ ಮನೆಗಳು ಎಷ್ಟು, ಅವುಗಳ ಕಂಬಗಳನ್ನು ಎಲ್ಲಿ ನೆಟ್ಟಿದ್ದಾರೆ, ದಂಡೆ ಕೊರೆಯದಂತೆ ಕಲ್ಲಿನ ಗೋಡೆ ಹಾಕಿದ್ದಾರೆಯೇ, ಕಡಲ ತಳದಿಂದ ಮರಳು ಹೀರಿ ದಂಡೆಗೆ ಸುರಿಯುತ್ತಾರೆಯೇ ಎಂದು ವಿಚಾರಿಸಬೇಕು. ಮರಳು ಹೀರಿದಾಗ ಏಳುವ ಕೆಸರು ಪಕ್ಕದ ಹವಳದ ಉಸಿರು ಕಟ್ಟಿಸುತ್ತದೆ. ಇನ್ನು ದೂರದ ಲೆಕ್ಕ. ಮಾಲೆಯ ಹತ್ತಿರವಿದ್ದರೆ ವೇಗದ ದೋಣಿ ಸಾಕು. ದೂರವಿದ್ದರೆ ನೀರ ಮೇಲೆ ಇಳಿಯುವ ವಿಮಾನ, ಅದರ ದರ ತಲೆಗೆ ನೂರಾರು ಡಾಲರ್, ಅದೂ ಹಗಲು ಮಾತ್ರ. ಸಂಜೆ ಬಂದಿಳಿದವರು ಒಂದು ರಾತ್ರಿಯ ಬಾಡಿಗೆಯನ್ನು ಬೇರೆ ಕಡೆ ತೆರಬೇಕಾಗುತ್ತದೆ. ದೊಡ್ಡ ಅಕ್ಷರದ ದರದ ಕೆಳಗೆ ಸಣ್ಣ ಅಕ್ಷರದಲ್ಲಿ ತೆರಿಗೆ, ಶೇ. 10 ಸೇವಾಶುಲ್ಕ, ಮತ್ತು 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ದಿನಕ್ಕೆ ತಲೆಗೆ 12 ಡಾಲರಿಗೆ ಏರಿದ ಹಸಿರು ತೆರಿಗೆ ಇರುತ್ತವೆ.

ಮಳೆಗಾಲದ ಬಗ್ಗೆಯೂ ಈ ಕಥನ ಪೂರ್ಣ ಸತ್ಯ ಹೇಳುವುದಿಲ್ಲ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿಗೂ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ ತರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಕಾಶ ತಿಳಿ, ದರ ದುಬಾರಿ. ಆದರೆ ಬಾ ಅತೊಳುವಿನ ಹನಿಫಾರು ಕೊಲ್ಲಿಗೆ ಮಾಂಟಾ ಎಂಬ ಬೃಹತ್ ತೊರಕೆ ಮೀನುಗಳು ಹಿಂಡುಹಿಂಡಾಗಿ ಬರುವುದು ಮಳೆಗಾಲದಲ್ಲೇ. ಯುನೆಸ್ಕೋ 2011ರಲ್ಲಿ ಆ ಅತೊಳುವನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಮಾರುಕಟ್ಟೆ ಬೇಡವೆನ್ನುವ ಕಾಲವೇ ಕಡಲು ತನ್ನ ಜೀವಗಳಿಗೆ ಹಬ್ಬ ಮಾಡುವ ಕಾಲ.

ನೀರಿನ ಮಾತು ಇದಕ್ಕಿಂತ ಗಂಭೀರವಾದದ್ದು. ಹವಳದ ದ್ವೀಪದಲ್ಲಿ ನದಿಯಿಲ್ಲ, ಕೆರೆ ತೀರ ಅಪರೂಪ. ಮರಳಿನಡಿ ಮಳೆನೀರಿನ ಒಂದು ತೆಳು ಪದರವಿರುತ್ತದೆ, ಅಷ್ಟೇ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಉಪ್ಪುನೀರು ನುಗ್ಗಿ ಎಷ್ಟೋ ದ್ವೀಪಗಳ ಬಾವಿಗಳು ಕೆಟ್ಟವು. 2014ರ ಡಿಸೆಂಬರ್‌ನಲ್ಲಿ ಮಾಲೆಯ ಉಪ್ಪು ಬೇರ್ಪಡಿಸುವ ಘಟಕಕ್ಕೆ ಬೆಂಕಿ ತಗುಲಿದಾಗ ರಾಜಧಾನಿಯ ನಲ್ಲಿಗಳು ಒಣಗಿದವು, ಭಾರತ ವಿಮಾನ ಮತ್ತು ಹಡಗುಗಳಲ್ಲಿ ಕುಡಿಯುವ ನೀರು ಕಳಿಸಿತು. ರೆಸಾರ್ಟ್‌ಗಳು ಡೀಸೆಲ್ ಸುಟ್ಟು ತಮ್ಮದೇ ಯಂತ್ರಗಳಲ್ಲಿ ಕಡಲ ನೀರನ್ನು ಸಿಹಿ ಮಾಡಿಕೊಳ್ಳುತ್ತವೆ. ಸುತ್ತ ಸಮುದ್ರವಿದ್ದರೂ ಪ್ರತಿ ಮನೆಗೊಂದು ಖಾಸಗಿ ಈಜುಕೊಳ ಏಕೆ ಬೇಕು ಎಂಬ ಪ್ರಶ್ನೆ ಆ ಪುಟಗಳಲ್ಲಿ ಏಳುವುದೇ ಇಲ್ಲ. ಕಸದ್ದೂ ಇದೇ ಕತೆ. ಮಾಲೆಯ ಹತ್ತಿರದ ತಿಲಫುಶಿಯಲ್ಲಿ 1990ರ ದಶಕದಿಂದ ಕಸ ಸುರಿದು ಸುರಿದು ಕೊಳವಿದ್ದ ಜಾಗ ನೆಲವಾಯಿತು, ಅದರ ಹೊಗೆ ವರ್ಷಗಟ್ಟಲೆ ಕಂಡಿತು. ಯಾವ ರೆಸಾರ್ಟಿನ ಚಿತ್ರದಲ್ಲೂ ಆ ದ್ವೀಪವಿಲ್ಲ. ಒಂದು ದ್ವೀಪ ಅಷ್ಟು ಬೆಳ್ಳಗಿರಬೇಕಾದರೆ ಇನ್ನೊಂದು ದ್ವೀಪ ಅಷ್ಟು ಕಪ್ಪಾಗಬೇಕು.

ನಮ್ಮವರನ್ನೇ ಉದ್ದೇಶಿಸಿ ಬರುವ ಹೊಸ ಬಗೆಯ ಜಾಹೀರಾತುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಸ್ಲಿಮ್ ಕುಟುಂಬಗಳಿಗಾಗಿ ಹಲಾಲ್ ಅಡುಗೆ, ಹೊರಗಿನವರ ಕಣ್ಣು ಬೀಳದ ಎತ್ತರದ ಗೋಡೆಯ ಈಜುಕೊಳ, ಕೋಣೆಯಲ್ಲೇ ಜಾನಿಮಾಜ್ ಎಂದು ಅವು ಹೇಳುತ್ತವೆ. ಇವು ತಪ್ಪಲ್ಲ, ಪರದೆಯಲ್ಲಿರುವ ಹೆಣ್ಣುಮಗಳಿಗೂ ಕಡಲಿನಲ್ಲಿ ಆಡುವ ಹಕ್ಕಿದೆ, ಅದಕ್ಕೆ ಅನುಕೂಲ ಮಾಡಿಕೊಡುವವರು ಇರಲಿ. ಆದರೆ ಹಲಾಲ್ ಎಂಬ ದೊಡ್ಡ ಪದವನ್ನು ತಟ್ಟೆ ಮತ್ತು ಗೋಡೆಗೆ ಇಳಿಸಿಬಿಟ್ಟರೆ ಅದರಲ್ಲಿ ಏನು ಉಳಿಯಿತು? ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕೇಳುತ್ತ ಬೆಳೆದವರು ನಾವು. ಮರಳು ಗುಡಿಸುವವನ ಸಂಬಳ ತಿಂಗಳಿಗೆ ಸರಿಯಾಗಿ ಸಿಗುತ್ತದೆಯೇ, ಅವನ ಪಾಸ್‌ಪೋರ್ಟ್ ಅವನ ಬಳಿಯೇ ಇದೆಯೇ, ನಾವು ತೆರುವ ಸೇವಾಶುಲ್ಕದಲ್ಲಿ ಅವನ ಪಾಲೆಷ್ಟು ಎಂದು ಕೇಳುವ ಅಂಕಣ ಯಾವ ಹಲಾಲ್ ಪಟ್ಟಿಯಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಗಲ್ಫಿನಲ್ಲಿ ದುಡಿದ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಈ ಪ್ರಶ್ನೆಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಅಲ್ಲಿ ಗುಡಿಸಿದ ದುಡ್ಡಿನಲ್ಲಿ ಓದಿದ ಮಗ ಇಲ್ಲಿ ಗುಡಿಸುವವನನ್ನು ಕಾಣದೆ ಹೋದರೆ ಅದು ಕೇವಲ ಪ್ರವಾಸದ ವಿಷಯವಾಗಿ ಉಳಿಯುವುದಿಲ್ಲ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ. 2008ರಲ್ಲಿ ಮೊದಲ ಬಹುಪಕ್ಷೀಯ ಅಧ್ಯಕ್ಷೀಯ ಚುನಾವಣೆ ನಡೆದು ಆಡಳಿತ ಬದಲಾಯಿತು. ಅದರ ಮರುವರ್ಷದಿಂದ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹ ನಡೆಸಲು ಅವಕಾಶ ಸಿಕ್ಕಿತು. ಮಾಫುಶಿ, ಉಕುಳಾಸ್, ಧಿಗುರಾ, ಕಲ್ಲಂಗಡಿ ಬೆಳೆಯುವ ತೊಡ್ಡು, ಹೀಗೆ ಹತ್ತಾರು ದ್ವೀಪಗಳಲ್ಲಿ ಸಾಮಾನ್ಯ ಕುಟುಂಬಗಳು ನಾಲ್ಕಾರು ಕೋಣೆಯ ಮನೆಗಳನ್ನು ತೆರೆದವು. ಅಲ್ಲಿ ಮದ್ಯವಿಲ್ಲ. ಪ್ರವಾಸಿಗಳ ಈಜುಡುಪಿಗೆ ದಂಡೆಯ ಒಂದು ಭಾಗ ಬೇರೆ. ಬೆಳಗ್ಗೆ ಅಜಾನ್ ಕೇಳಿಸುತ್ತದೆ, ಮಕ್ಕಳು ಶಾಲೆಗೆ ಹೋಗುವುದು ಕಾಣಿಸುತ್ತದೆ. ತುರಿದ ತೆಂಗಿನಕಾಯಿ, ಮೀನು, ಈರುಳ್ಳಿ, ನಿಂಬೆರಸ ಕಲಸಿದ ಮಸ್ ಹುನಿಯ ಜೊತೆ ರೋಶಿ ಎಂಬ ರೊಟ್ಟಿ ಬೆಳಗಿನ ತಿಂಡಿಗೆ ಬರುತ್ತದೆ. ಖರ್ಚು ರೆಸಾರ್ಟಿಗಿಂತ ಎಷ್ಟೋ ಕಡಿಮೆ. ಈ ದಾರಿಯೂ ದೋಷವಿಲ್ಲದ್ದಲ್ಲ. ಮಾಫುಶಿಯಂಥ ಕಡೆ ಪುಟ್ಟ ದ್ವೀಪದಲ್ಲಿ ಹೋಟೆಲುಗಳು ಒತ್ತೊತ್ತಾಗಿ ಎದ್ದಿವೆ, ಕಸ ಹೆಚ್ಚಿದೆ, ಊರಿನವರ ದಂಡೆ ಕಿರಿದಾಗಿದೆ. ಆದರೂ ಇಲ್ಲಿ ಕತೆಗೆ ಪಾತ್ರಗಳು ಮರಳಿ ಬಂದಿವೆ. ಊರಿನವರು ಅತಿಥಿಗೆ, ಇದು ನಮ್ಮ ಊರು, ಹೀಗೆ ನಡೆದುಕೊಳ್ಳಿ ಎಂದು ಹೇಳಬಲ್ಲರು. ಇಬ್ನ್ ಬತೂತಾನ ಆಜ್ಞೆಯನ್ನು ಕೇಳದೆ ಹೋದ ಹೆಂಗಸರ ಮೊಮ್ಮಕ್ಕಳು ಮತ್ತೆ ಒಲ್ಲೆ ಎನ್ನುವ ಜಾಗ ಪಡೆದಿದ್ದಾರೆ.

ಈಗ ಆಯ್ಕೆಯ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದಿದೆ. 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋದ ಚಿತ್ರಗಳು ಬಂದವು. ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಕೀಳಾಗಿ ಮಾತಾಡಿ ಅಮಾನತಾದರು. ಮಾಲ್ಡೀವ್ಸ್ ಬಹಿಷ್ಕರಿಸಿ, ಲಕ್ಷದ್ವೀಪಕ್ಕೆ ಹೋಗಿ ಎಂಬ ಕೂಗೆದ್ದಿತು. 2023ರಲ್ಲಿ ಅಲ್ಲಿಗೆ ಹೋದ ಭಾರತೀಯರ ಸಂಖ್ಯೆ 2 ಲಕ್ಷ ದಾಟಿತ್ತು, 2024ರಲ್ಲಿ ಅದು ಬಹಳ ಕುಸಿಯಿತು. ರೆಸಾರ್ಟ್ ಆರಿಸುವುದು ದೇಶಭಕ್ತಿಯ ಪರೀಕ್ಷೆಯಾಯಿತು. ಮುಂದೆ 2025ರ ಜುಲೈಯಲ್ಲಿ ಪ್ರಧಾನಿಯವರೇ ಮಾಲ್ಡೀವ್ಸ್‌ನ ಸ್ವಾತಂತ್ರ್ಯದ 60ನೇ ವರ್ಷಾಚರಣೆಗೆ ಅತಿಥಿಯಾಗಿ ಹೋದರು, ಕೂಗು ತಣ್ಣಗಾಯಿತು. ಈ ಗದ್ದಲದಲ್ಲಿ ಒಂದು ಸಂಗತಿಯನ್ನು ಕೇಳಿದವರು ಕಡಿಮೆ: ಲಕ್ಷದ್ವೀಪದವರು ಏನು ಹೇಳುತ್ತಾರೆ?

ಲಕ್ಷದ್ವೀಪದಲ್ಲಿ ಜನವಸತಿ ಇರುವ ದ್ವೀಪಗಳು ಹತ್ತು. ಒಟ್ಟು ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನ 64,473. ಬಹುತೇಕ ಎಲ್ಲರೂ ಮುಸ್ಲಿಮರು, ತಾಯಿಯ ಕಡೆಯಿಂದ ಆಸ್ತಿ ಹರಿದು ಬರುವ ಸಮಾಜ. ಅಲ್ಲಿನ ಅಮೀನಿ ಗುಂಪಿನ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಆಳ್ವಿಕೆಗೆ ಸೇರಿದ್ದವು. 1799ರ ನಂತರ, 1956ರವರೆಗೂ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ಅಲ್ಲಿನ ತೆಂಗು, ಕೊಬ್ಬರಿ, ನಾರಿನ ಹಗ್ಗ ಹೊತ್ತ ಮಂಜಿಗಳು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ನಮಗೆ ಅವರು ಪೋಸ್ಟರಿನ ಚಿತ್ರವಲ್ಲ, ಹಳೆಯ ನೆರೆಯವರು. ಅಲ್ಲಿಗೆ ಹೋಗಲು ಹೊರಗಿನವರಿಗೆ ಪರವಾನಗಿ ಬೇಕು, ಮದ್ಯಕ್ಕೆ ಬಂಗಾರಂ ದ್ವೀಪದ ಹೊರತು ಅವಕಾಶವಿರಲಿಲ್ಲ. ಜನ ಮತ್ತು ಹವಳ ಎರಡನ್ನೂ ಕಾಯುವ ಬೇಲಿ ಅದು. 2021ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಗಳು ಅಭಿವೃದ್ಧಿಯ ಹೆಸರಿನಲ್ಲಿ ನೆಲ ವಹಿಸಿಕೊಳ್ಳಲು ಆಡಳಿತಕ್ಕೆ ವಿಪರೀತ ಅಧಿಕಾರ ಕೊಡುತ್ತವೆಂದು ದ್ವೀಪದವರು ಮನೆಮನೆಯಲ್ಲಿ ಉಪವಾಸ ಕುಳಿತು ಪ್ರತಿಭಟಿಸಿದರು. ಮಾಲ್ಡೀವ್ಸ್ ಮಾದರಿಯಲ್ಲಿ ನೀರ ಮೇಲೆ ಮನೆ ಕಟ್ಟುವ ಯೋಜನೆಗಳಲ್ಲಿ ಸುಹೇಲಿ ಎಂಬ ‘ನಿರ್ಜನ’ ದ್ವೀಪವೂ ಇದೆ. ಕವರತ್ತಿಯ ಮೀನುಗಾರರು ಋತುಮಾನಕ್ಕೆ ಹೋಗಿ ಬಿಡಾರ ಹೂಡಿ ಮೀನು ಒಣಗಿಸುವ ಜಾಗ ಅದು. ಮತ್ತೆ ಅದೇ ಪದ, ಅದೇ ಕಥನ. ಒಂದು ಮುಸ್ಲಿಮ್ ದೇಶದ ಆಡಳಿತ ತನ್ನ ಜನರನ್ನು ಚಿತ್ರದಿಂದ ಹೊರಗಿಟ್ಟದ್ದನ್ನು ಟೀಕಿಸುವ ನಾವು, ನಮ್ಮದೇ ದೇಶದ ದ್ವೀಪದವರನ್ನು ಅದೇ ರೀತಿ ಹೊರಗಿಡುವುದನ್ನು ದೇಶಪ್ರೇಮವೆಂದು ಒಪ್ಪಿಕೊಳ್ಳಲಾಗದು.

ನಾವು ಕಡಲಿಗೆ ಹೋಗಬೇಡಿ ಎಂದು ಹೇಳುತ್ತಿಲ್ಲ. ವರ್ಷವಿಡೀ ದುಡಿದವನು ನಾಲ್ಕು ದಿನ ಹವಳದ ಮೇಲೆ ತೇಲುವ ಮೀನು ನೋಡಿ ಬರಲಿ, ಅದು ವಿಲಾಸವಲ್ಲ, ಮನುಷ್ಯನ ಹಸಿವು. ಆದರೆ ಆರಿಸುವಾಗ ಕೇಳುವ ಪ್ರಶ್ನೆಗಳು ಬದಲಾಗಲಿ. ಕೊಳದ ಬಣ್ಣ ಯಾವುದು ಎಂದು ಕೇಳುವ ಮುನ್ನ ದಿಬ್ಬ ಜೀವಂತವಿದೆಯೇ ಎಂದು ಕೇಳೋಣ. ಕೋಣೆಯಿಂದ ಏನು ಕಾಣುತ್ತದೆ ಎನ್ನುವ ಮುನ್ನ ನೀರು ಎಲ್ಲಿಂದ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳೋಣ. ಅಡುಗೆ ಹಲಾಲೇ ಎಂದು ಕೇಳಿದ ಬಾಯಿಯಲ್ಲೇ ಅಡುಗೆಯವನ ಸಂಬಳವನ್ನೂ ಕೇಳೋಣ. ಎರಡು ಕಡೆ ಇದಕ್ಕೆ ಉತ್ತರ ಕೇಳಿದರೆ ಯಾವ ರೆಸಾರ್ಟ್ ಹೇಳಲು ಸಿದ್ಧವಿದೆ, ಯಾವುದು ಮಾತು ಮರೆಸುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ, ಆಯ್ಕೆಯೂ ಅರ್ಧ ಮುಗಿದಿರುತ್ತದೆ. ಸಾಧ್ಯವಾದರೆ ಊರಿರುವ ದ್ವೀಪದಲ್ಲಿ ಇಳಿಯೋಣ, ಅಲ್ಲಿನವರ ಭಾಷೆಯ ನಾಲ್ಕು ಮಾತು ಕಲಿಯೋಣ. ಸೆರೆಸಿಕ್ಕ ಪಿರಾರ್ ಕಲಿತದ್ದನ್ನು ದುಡ್ಡು ಕೊಟ್ಟು ಹೋಗುವ ನಾವು ಕಲಿಯಲಾಗದೇ? ದಂಡೆಯ ಮರಳಿನ ಮೇಲೆ ಅಲ್ಲಿನ ಮಕ್ಕಳ, ಮೀನುಗಾರರ ಹೆಜ್ಜೆ ಗುರುತುಗಳಿದ್ದರೆ, ಅದು ಒಳ್ಳೆಯ ದ್ವೀಪವೆಂದು ತಿಳಿಯೋಣ.